ಅಜ್ಜಿ ತಿದ್ದಿದ ಪುಸ್ತಕ

ಪದವಿ ಮುಗಿದು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅರ್ಜಿ ಹಾಕುತ್ತಾ ಮನೆಯಲ್ಲಿದ್ದ ಕಾಲವದು. ಮೈಸೂರಿನ ಅಶೋಕಪುರಂನಲ್ಲಿ ನಮ್ಮದು ಎರಡು ಕೋಣೆಯ ಮನೆ. ಓದುವುದಕ್ಕೆಂದು ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ಅದರಲ್ಲಿ ಒಂದು ಗಂಟೆ ಕದ್ದು ಬರೆಯತೊಡಗಿದೆ. ರೈಲ್ವೆ ವರ್ಕ್‌ಶಾಪಿಗೆ ದುಡಿಯಲು ಹೋಗುತ್ತಿದ್ದ ತಾತ, ನನ್ನನ್ನು ಸಾಕಿದ ಅಜ್ಜಿ, ನಮ್ಮ ಬೀದಿಯ ಏಪ್ರಿಲ್ 14ರ ಸಂಭ್ರಮ, ನಲ್ಲಿ ಮುಂದಿನ ಜಗಳ ಎಲ್ಲವೂ ಅದರಲ್ಲಿದ್ದವು. ನಾಲ್ಕು ತಿಂಗಳಲ್ಲಿ 180 ಪುಟ ಆಯಿತು. ಪುಸ್ತಕ ಮುಗಿಯಿತು ಅಂದುಕೊಂಡೆ.

ಅಜ್ಜಿಗೆ ಓದು ಬರಹ ಬಾರದು. ಒಂದು ಸಂಜೆ ಅವಳ ಅಧ್ಯಾಯವನ್ನು ಹೆಮ್ಮೆಯಿಂದ ಓದಿ ಹೇಳಿದೆ. ‘ಅಜ್ಜಿ ಪ್ರತಿದಿನ ಕೃಷ್ಣಮೂರ್ತಿಪುರಂನ ಪರಿಚಯದವರ ಮನೆಗಳಿಗೆ ಹೋಗಿ ಬರುತ್ತಿದ್ದಳು’ ಎಂಬ ಸಾಲು ಬಂತು. ಎಲೆ ಅಡಿಕೆ ಮೆಲ್ಲುತ್ತಿದ್ದವಳು ನಿಲ್ಲಿಸಿದಳು.

‘ನಾನೇನ್ ನೆಂಟ್ರ ಮನ್ಗ ಹೋಯ್ತಿದ್ನಾ ಮಗ? ಮುಸ್ರ ತಿಕ್ಕಕ ಹೋಯ್ತಿದ್ದಿ. ಅದ್ನೇ ಬರಿ.’

ನನ್ನ ಮುಖ ಬಿಸಿಯಾಯಿತು. ಆ ಸಾಲನ್ನು ಗೊತ್ತಿಲ್ಲದೆ ಬರೆದದ್ದಲ್ಲ. ಕಾಲೇಜಿನಲ್ಲಿ ಗೆಳೆಯರು ಮನೆಯ ವಿಷಯ ಕೇಳಿದಾಗಲೆಲ್ಲ ನುಣುಚಿಕೊಳ್ಳುತ್ತಿದ್ದೆನಲ್ಲ, ಅದೇ ನಾಚಿಕೆ ಪುಸ್ತಕದೊಳಗೂ ನುಸುಳಿತ್ತು. ಅವಳು ಹಿತ್ತಲ ಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತು, ಕಾಫಿಗೆ ಬೇರೆಯೇ ಲೋಟ ಇಡುತ್ತಿದ್ದರು. ಆ ಸಂಬಳದಲ್ಲೇ ನನ್ನ ಶಾಲೆಯ ಶುಲ್ಕ ಕಟ್ಟಿದ್ದು. ನಾನು ಇಷ್ಟನ್ನೂ ‘ಪರಿಚಯದವರು’ ಎಂಬ ಒಂದೇ ಪದದ ಕೆಳಗೆ ಮುಚ್ಚಿಟ್ಟಿದ್ದೆ.

ಹಸ್ತಪ್ರತಿಯನ್ನು ಒಂದು ತಿಂಗಳು ಟ್ರಂಕಿನಲ್ಲಿಟ್ಟೆ. ಹೊರತೆಗೆದಾಗ ಬೇರೆ ಯಾರೋ ಬರೆದಂತೆ ಕಂಡಿತು. ತಿದ್ದುವವರಿಗೆ ಆ ದೂರ ಬೇಕೇ ಬೇಕು. ಆಮೇಲೆ ಪ್ರತಿ ಪುಟವನ್ನೂ ಗಟ್ಟಿಯಾಗಿ ಓದಿದೆ. ನಾಲಿಗೆ ಎಡವಿದ ಕಡೆ ಪೆನ್ಸಿಲ್ ಗುರುತು ಹಾಕಿದೆ. ನೋಡಿದರೆ, ಗುರುತು ಬಿದ್ದ ಕಡೆಯೆಲ್ಲ ಒಂದೋ ಸುಳ್ಳಿತ್ತು, ಇಲ್ಲವೇ ಆಡಂಬರವಿತ್ತು.

ಇನ್ನೊಂದು ತಪ್ಪೂ ಕಂಡಿತು. ನನ್ನ ಪುಸ್ತಕದಲ್ಲಿ ಅಜ್ಜಿ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದಳು! ನಂಜನಗೂಡು ಸೀಮೆಯ ಆಡುಮಾತಿನಲ್ಲೇ ದೇವನೂರ ಮಹಾದೇವ ಅವರು ‘ಕುಸುಮಬಾಲೆ’ ಬರೆದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದ್ದ ನನಗೆ, ನಮ್ಮ ಮನೆಯ ಮಾತೂ ಪುಸ್ತಕದ ಮಾತಾಗಬಹುದು ಎಂದು ಹೊಳೆದಿರಲಿಲ್ಲ. ಅಜ್ಜಿಯ ಮಾತುಗಳನ್ನೆಲ್ಲ ಅವಳ ಎದುರೇ ಕೂತು ಮತ್ತೆ ಬರೆದೆ. ಮೂರನೇ ತಿದ್ದುಪಡಿಯ ಹೊತ್ತಿಗೆ 180 ಪುಟ 112ಕ್ಕೆ ಇಳಿದಿತ್ತು.

ಅದನ್ನು ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಮೊದಲ ಎರಡು ಅಧ್ಯಾಯ ನಿಧಾನ, ತೆಗೆಯಿರಿ ಎಂದರು. ಹೌದೆನ್ನಿಸಿತು, ತೆಗೆದೆ. ಬಳಿಕ, ‘ಅಶೋಕಪುರಂ ಅನ್ನೋದರ ಬದಲು ಒಂದು ಬಡಾವಣೆ ಅಂತ ಮಾಡಿ. ಮುಸುರೆಯ ವಿಷಯ ಬಿಟ್ಟುಬಿಡಿ. ಎಲ್ಲರೂ ಓದುತ್ತಾರೆ’ ಎಂದರು. ಎರಡು ದಿನ ನಿದ್ದೆ ಬರಲಿಲ್ಲ. ಪುಸ್ತಕ ಅಚ್ಚಾಗಬೇಕೆಂಬ ಆಸೆ ಸಣ್ಣದಲ್ಲ.

ಆಗ ನೆನಪಾದದ್ದು ನಮ್ಮ ಬೀದಿಯ ಮನೆಮನೆಯಲ್ಲೂ ಭಾವಚಿತ್ರವಿರುವ ಬಾಬಾಸಾಹೇಬರು. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದ ಸಮ್ಮೇಳನಕ್ಕಾಗಿ ಅವರು ಅಧ್ಯಕ್ಷ ಭಾಷಣ ಸಿದ್ಧಪಡಿಸಿದ್ದರು. ಕೆಲವು ಭಾಗ ತೆಗೆಯಬೇಕೆಂದು ಸಂಘಟಕರು ಕೇಳಿದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಮೊದಲ ಮುದ್ರಣದ 1,500 ಪ್ರತಿ ಎರಡೇ ತಿಂಗಳಲ್ಲಿ ಮುಗಿದವು. 1937ರ ಎರಡನೇ ಮುದ್ರಣಕ್ಕೆ ಗಾಂಧೀಜಿಯವರ ಟೀಕೆಯನ್ನೂ ಅದಕ್ಕೆ ತಮ್ಮ ಉತ್ತರವನ್ನೂ ಸೇರಿಸಿದರು. ಅಂದರೆ ಅವರು ಪುಸ್ತಕವನ್ನು ಬೆಳೆಸಿದರು, ಆದರೆ ಒತ್ತಾಯಕ್ಕೆ ಬಾಗಿಸಲಿಲ್ಲ.

ತಿದ್ದುವುದಕ್ಕೂ ಬಾಗುವುದಕ್ಕೂ ಇರುವ ವ್ಯತ್ಯಾಸ ನನಗೆ ಆಗ ತಿಳಿಯಿತು. ಪುಸ್ತಕವನ್ನು ಇನ್ನಷ್ಟು ನಿಜ ಮಾಡುವ ಸಲಹೆ ಯಾರಿಂದ ಬಂದರೂ ತೆಗೆದುಕೊಳ್ಳಬೇಕು. ನಿಜವನ್ನು ಮುಚ್ಚಲು ಹೇಳುವ ಸಲಹೆಗೆ ನಮಸ್ಕಾರ ಹೇಳಿ ಬರಬೇಕು. ನಾನು ಹಾಗೇ ಬಂದೆ.

ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ಡಿಜಿಟಲ್ ಮುದ್ರಣದಲ್ಲಿ 200 ಪ್ರತಿ ಮಾಡಿಸಿದೆ. ನಿಮ್ಮಲ್ಲೂ ಹಸ್ತಪ್ರತಿ ಇದ್ದರೆ ಕೆಲವು ಸಂಗತಿ ತಿಳಿದಿರಲಿ. ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ಯುವ ಬರಹಗಾರರ ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ನೀಡುತ್ತದೆ, ಪ್ರಕಟಣೆ ಬಂದಾಗ ನಿಯಮ ಓದಿ ಅರ್ಜಿ ಹಾಕಿ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರ ಕೆಡುವುದುಂಟು. ಹಾಗಾಗಿ ಕೊನೆಯ ಕರಡನ್ನು ಕಾಗದದ ಮೇಲೆಯೇ ನೋಡಿ, ಇನ್ನೊಬ್ಬರಿಗೂ ತೋರಿಸಿ.

ಪುಸ್ತಕದಿಂದ ನನಗೆ ಕೆಲಸವೇನೂ ಸಿಗಲಿಲ್ಲ, ಹಾಕಿದ ಹಣವೂ ಪೂರ್ತಿ ಹಿಂತಿರುಗಿಲ್ಲ. ಪರೀಕ್ಷೆಗೆ ಈಗಲೂ ಓದುತ್ತಿದ್ದೇನೆ. ಆದರೆ ಪ್ರಬಂಧ ಪತ್ರಿಕೆಯಲ್ಲಿ ಒಂದು ಸಾಲು ಬರೆದು, ಇದು ನಿಜವೇ ಎಂದು ಕೇಳಿಕೊಳ್ಳುವ ಅಭ್ಯಾಸ ಬಂದಿದೆ. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಈಚೆಗೆ ಒಂದು ಸಂದರ್ಶನದಲ್ಲಿ ಕೇಳಿದರು. ಅಜ್ಜಿಯ ಕೆಲಸವನ್ನು ಅವಳ ಪದದಲ್ಲೇ ಹೇಳಿದೆ. ಮುಖ ಬಿಸಿಯಾಗಲಿಲ್ಲ.

ಮೊದಲ ಪ್ರತಿ ಅಜ್ಜಿಗೇ ಕೊಟ್ಟೆ. ತಿರುವಿ ನೋಡಿ, ‘ನನ್ ಮಾತು ಯಾವ್ ಪುಟ್ದಲ್ಲದ?’ ಎಂದು ಕೇಳಿದಳು. ತೋರಿಸಿದೆ. ಆ ಪುಟದ ಮೂಲೆಯನ್ನು ಮಡಿಸಿಟ್ಟುಕೊಂಡಳು.