ಐದು ನಟ್ಟು, ಎಂಟು ನಟ್ಟು

ಜೀಪಿನ ಚಕ್ರದೆದುರು ಕುಕ್ಕರಗಾಲಲ್ಲಿ ಕೂತ ಟೈರ್ ಅಂಗಡಿಯ ಕಾಕಾ, ಪಾನಾ ಎತ್ತಿಕೊಳ್ಳುವ ಮೊದಲು ನಟ್ಟುಗಳನ್ನು ಬೆರಳಿಟ್ಟು ಎಣಿಸುತ್ತಾರೆ. ನಡುವೆ ಐದು, ಅದರ ಸುತ್ತ ಎಂಟು. ಆಯುಷ್ಯವೆಲ್ಲ ಇದೇ ಕೆಲಸ ಮಾಡಿದವರಿಗೆ ಎಣಿಕೆ ಯಾಕೆ ಎಂದು ಕೇಳಿದೆ. "ಐದು ಬಿಚ್ಚಿದ್ರೆ ಚಕ್ರ ಬರ್ತದೆ ಸಾರ್. ಗಾಳಿ ಇರುವಾಗ ಎಂಟು ಬಿಚ್ಚಿದ್ರೆ ಜೀವ ಹೋಗ್ತದೆ."

ಹಳೆಯ ಮಿಲಿಟರಿ ಜೀಪಿಗೆ ಹೊಸ ಚಕ್ರ ಕೂರಿಸುವುದನ್ನು ನೋಡಲೆಂದು ಸೋಮವಾರಪೇಟೆ ಕಡೆಯ ಈ ಟೈರ್ ಅಂಗಡಿಗೆ ಹೋಗಿದ್ದೆ. ಮಧ್ಯಾಹ್ನವೆಲ್ಲ ನೋಡಿದ್ದು ಮಾತ್ರ ಕಾಕಾರ ಕೈಗಳನ್ನು.

ಆ ಎಂಟು ನಟ್ಟಿನ ಡಿಸ್ಕಿಗೆ ಕಾಂಬ್ಯಾಟ್ ಡಿಸ್ಕ್ ಎನ್ನುತ್ತಾರೆ. ಅದು ಒಂದೇ ತುಂಡಲ್ಲ, ಎರಡು ಹೋಳು. ನಡುವೆ ಟೈರು, ಟೈರಿನೊಳಗೆ ಟ್ಯೂಬು, ಜೊತೆಗೆ ಟೈರಿನ ಅಂಚನ್ನು ಒತ್ತಿ ಹಿಡಿಯಲು ಒಂದು ಉಕ್ಕಿನ ಬಳೆ. ಗುಂಡು ತಗುಲಿ ಗಾಳಿ ಹೋದರೂ ಟೈರು ಡಿಸ್ಕಿನಿಂದ ಕಳಚಿಕೊಳ್ಳದೆ ಒಂದಷ್ಟು ದೂರ ಓಡಲಿ ಎಂಬುದು ಈ ಬಳೆಯ ಉದ್ದೇಶ. ಪಂಕ್ಚರಾದರೆ ಲಿವರ್ ಹಾಕಿ ಟೈರಿನೊಡನೆ ಗುದ್ದಾಡಬೇಕಿಲ್ಲ. ಗಾಳಿ ಪೂರ್ತಿ ಬಿಟ್ಟು ಎಂಟು ನಟ್ಟು ತೆಗೆದರೆ ಡಿಸ್ಕು ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ. ಒಳಗೆ 35 ಪೌಂಡ್ ಗಾಳಿ ಇದ್ದಾಗ ತೆಗೆದರೆ ಅದೇ ಮುಚ್ಚಳ ಸಿಡಿದು ಎದುರಿಗಿರುವವರ ಮುಖಕ್ಕೆ ಬಡಿಯುತ್ತದೆ. ಅದಕ್ಕೇ ಕಾಕಾ ಎಂಟಕ್ಕೂ ಕೆಂಪು ಬಣ್ಣ ಬಳಿದಿಡುತ್ತಾರೆ. ವಾಲ್ವಿನ ಪಿನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ ಮೇಲೆಯೇ ಅವುಗಳ ಮೇಲೆ ಪಾನಾ.

ಜೀಪಿನ ಚರಿತ್ರೆಯನ್ನು ಅದರ ಒಡೆಯರಾದ ತೋಟದ ಹಿರಿಯ ಸಾಹುಕಾರರು ಕಾಫಿ ಕುಡಿಯುತ್ತಲೇ ಹೇಳಿ ಮುಗಿಸಿದರು. ಎರಡನೆಯ ಮಹಾಯುದ್ಧಕ್ಕಾಗಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಇಂಥ 6 ಲಕ್ಷಕ್ಕೂ ಹೆಚ್ಚು ಗಾಡಿ ಕಟ್ಟಿದವು. ಕಾಗದಪತ್ರದಲ್ಲಿ ಇದರ ಹೆಸರು ಕಾಲು ಟನ್ನಿನ ಟ್ರಕ್ಕು. ಯುದ್ಧ ಮುಗಿದ ಮೇಲೆ ಉಳಿದವು ಹರಾಜಾದವು; ಅವರ ತಂದೆ ತಂದದ್ದೂ ಅಂಥದೇ ಡಿಸ್ಪೋಸಲ್ ಗಾಡಿ. ಆಮೇಲೆ ಮಹೀಂದ್ರ ಕಂಪನಿ ಇದೇ ವಂಶದ ಜೀಪುಗಳನ್ನು ಇಲ್ಲೇ ಮಾಡತೊಡಗಿತು. ಐದು ನಟ್ಟಿನ ಅಳತೆಯನ್ನೂ ಹಾಗೇ ಉಳಿಸಿಕೊಂಡಿತು. ನಟ್ಟುಗಳ ನಡುಬಿಂದುಗಳ ಮೂಲಕ ಹಾದುಹೋಗುವ ವೃತ್ತದ ವ್ಯಾಸ ಆಗಲೂ ಐದೂವರೆ ಇಂಚು, ಈಗಲೂ ಐದೂವರೆ ಇಂಚು. ಯುದ್ಧಕಾಲದ ಗಾಡಿಗೆ ಇಂದಿನ ಪೇಟೆಯ ಡಿಸ್ಕು ಕೂರುವುದು ಈ ಒಂದು ಅಳತೆಯ ಪುಣ್ಯದಿಂದ.

ಹಳೆಯ ಟೈರಿನ ಅಳತೆ 6.00-16. ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಇದೇ ಅಳತೆಯ ಟೈರು ಬರುತ್ತದೆ. ಅಗ್ಗವೆಂದು ಕೆಲವರು ಅದನ್ನೇ ಜೀಪಿಗೂ ಹಾಕಿಸಿಕೊಳ್ಳುತ್ತಾರೆ. ಕಾಕಾ ಮಾತ್ರ ಹಾಕಿಕೊಡುವುದಿಲ್ಲ. ಗದ್ದೆಯ ನಿಧಾನಕ್ಕೆಂದು ಮಾಡಿದ ಟೈರು ಘಾಟಿಯ ಇಳಿಜಾರಿಗೆ ಆಗದು ಎಂಬುದು ಅವರ ಖಂಡಿತದ ಮಾತು. ಅಂದು ಸಾಹುಕಾರರ ಮೊಮ್ಮಗ ತಂದಿದ್ದದ್ದು 15 ಇಂಚಿನ ಅಲಾಯ್ ಡಿಸ್ಕು, 235/75 ಅಳತೆಯ ರೇಡಿಯಲ್ ಟೈರು. ಎತ್ತರ ಹೆಚ್ಚುಕಡಿಮೆ ಹಳೆಯದರಷ್ಟೇ, ಅಗಲ ಮಾತ್ರ ಒಂದೂವರೆ ಪಟ್ಟು. ನೋಡಲು ಜೀಪಿಗೆ ಎದೆ ಬಂದಂತಾಯಿತು. ಆದರೆ ಪವರ್ ಸ್ಟೀರಿಂಗ್ ಇಲ್ಲದ ಗಾಡಿ. ಅಗಲ ಹೆಚ್ಚಿದಷ್ಟೂ ತೋಳಿಗೆ ಭಾರ. ಕಾಕಾ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರಿಗೂ ಮುಂದಿನ ಸ್ಪ್ರಿಂಗ್ ಪಟ್ಟೆಗೂ ನಡುವೆ ಕೈ ತೂರಿಸಿ ನೋಡಿದರು. ನಾಲ್ಕು ಬೆರಳು ಹೋಗಲಿಲ್ಲ, ಎರಡು ಹೋದವು.

ಎಡಗಡೆಯ ಚಕ್ರಗಳಿಗೆ ಉಲ್ಟಾ ಥ್ರೆಡ್. ಗೊತ್ತಿಲ್ಲದವರು ಬಿಚ್ಚುತ್ತೇವೆಂದು ಬಿಗಿ ಮಾಡುತ್ತ ಹೋಗಿ ಬೋಲ್ಟನ್ನೇ ಮುರಿಯುತ್ತಾರೆ. ಅಲಾಯ್ ಡಿಸ್ಕು ದಪ್ಪ, ಹಳೆಯ ಬೋಲ್ಟು ಗಿಡ್ಡ. ನಟ್ಟು ಎಷ್ಟು ಸುತ್ತು ಹಿಡಿಯಿತೆಂದು ಕಾಕಾ ಮತ್ತೆ ಎಣಿಸಿದರು. ಅವರಿಗೆ ಸಮಾಧಾನವಾಗಲಿಲ್ಲ. ಬೋಲ್ಟು ಬದಲಾಯಿಸಿಕೊಂಡೇ ಘಾಟಿ ಇಳಿಯಿರಿ, ಅಲ್ಲಿಯತನಕ ತೋಟದೊಳಗೇ ಓಡಿಸಿ ಎಂದು ಹುಡುಗನಿಗೆ ಎರಡು ಸಲ ಹೇಳಿದರು.

ಹೊಸ ಚಕ್ರ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಳೆಯದಕ್ಕೆ ಬಿಡಿಭಾಗ ಸಿಗದೆ ಶೆಡ್ಡಿನಲ್ಲಿ ಮಣ್ಣಾದ ಜೀಪುಗಳನ್ನು ಈ ಊರಲ್ಲೇ ಕಂಡಿದ್ದೇನೆ. ಓಡುವ ಗಾಡಿಯೇ ಚೆಂದ. ಆದರೆ ಬಿಚ್ಚಿದ ಡಿಸ್ಕುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುವುದು ಹೊಟ್ಟೆ ಉರಿಸುತ್ತದೆ. ಒಂದು ಜೊತೆಯಾದರೂ ಮನೆಯ ಅಟ್ಟದಲ್ಲಿ ಇರಬಾರದೇ?

"ಇದೆಲ್ಲ ನೀವೇ ಇಟ್ಕೊಳ್ಳಿ ಕಾಕಾ," ಎಂದು ಹುಡುಗ ಜೀಪು ಹತ್ತಿದ. ಕಾಕಾ ಟೈರು ಕಳಚಿದ ಡಿಸ್ಕಿನ ಎರಡು ಹೋಳುಗಳನ್ನು ಎತ್ತಿ ಒಂದರ ಮೇಲೊಂದು ಕೂರಿಸಿದರು. ಒಂದು ಡಿಸ್ಕಿನ ಹೋಳು ಇನ್ನೊಂದು ಡಿಸ್ಕಿನದಕ್ಕೆ ಸರಿಯಾಗಿ ಹೊಂದುವುದಿಲ್ಲವಂತೆ, ಜೋಡಿ ತಪ್ಪಬಾರದಂತೆ. ಒಳಗೆ ಗಾಳಿಯಿಲ್ಲ, ಟೈರಿಲ್ಲ. ಆದರೂ ಎಂಟು ನಟ್ಟನ್ನೂ ಒಂದೊಂದಾಗಿ ಎಣಿಸಿ ಬಿಗಿದು, ಗೋಡೆಗೆ ಒರಗಿಸಿಟ್ಟರು.