ಟ್ಯಾಂಕಿನೊಳಗಿನ ಪೆಟ್ರೋಲ್ ಪೈಪು

ಇಂಜೆಕ್ಷನ್ ಇರುವ ಬೈಕಿನ ಪೆಟ್ರೋಲ್ ಟ್ಯಾಂಕು ಬರೀ ಡಬ್ಬಿಯಲ್ಲ. ಅದರೊಳಗೆ ಕರೆಂಟಿನಿಂದ ಓಡುವ ಪಂಪು, ಕಸ ತಡೆಯುವ ಜಾಲರಿ, ಕೆಲವು ಬೈಕುಗಳಲ್ಲಿ ಫಿಲ್ಟರು, ಪೆಟ್ರೋಲ್ ಎಷ್ಟಿದೆಯೆಂದು ಮೀಟರಿಗೆ ತಿಳಿಸುವ ಫ್ಲೋಟು ಇರುತ್ತವೆ. ಇವನ್ನು ಒಂದಕ್ಕೊಂದು ಕೂಡಿಸುವುದು ಗೇಣುದ್ದದ ಒಂದೆರಡು ಪೈಪು. ವರ್ಷಗಟ್ಟಲೆ ಪೆಟ್ರೋಲಿನಲ್ಲಿ ಮುಳುಗಿರುವ ಈ ಪೈಪು ನಿಧಾನವಾಗಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೊಂದು ದಿನ ಸೀಳುತ್ತದೆ. ಸೀಳಿದರೂ ಹೊರಗೆ ಒಂದು ಹನಿ ಚೆಲ್ಲುವುದಿಲ್ಲ. ಸೋರಿದ್ದು ಮತ್ತೆ ಟ್ಯಾಂಕಿಗೇ ಬೀಳುತ್ತದೆ. ಗ್ಯಾರೇಜಿನವರು ಪ್ಲಗ್ಗು, ಬ್ಯಾಟರಿ, ಸೆನ್ಸರು ಎಂದು ಎಲ್ಲವನ್ನೂ ನೋಡಿ ಮುಗಿಸಿದ ಮೇಲೆಯೇ ಇದರ ಕಡೆ ಗಮನ ಹೋಗುವುದು ಅದಕ್ಕಾಗಿ.

ಕಾರ್ಬುರೇಟರ್ ಬೈಕಿಗೆ ಈ ರಗಳೆ ಇರಲಿಲ್ಲ. ಟ್ಯಾಂಕು ಮೇಲೆ, ಕಾರ್ಬುರೇಟರ್ ಕೆಳಗೆ. ಕಾಕ್ ತಿರುಗಿಸಿದರೆ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಪೈಪು ಕಣ್ಣಿಗೆ ಕಾಣುವಂತೆ ಹೊರಗಿತ್ತು. ಬಿರುಕು ಬಿಟ್ಟರೆ ವಾಸನೆ ಹೊಡೆಯುತ್ತಿತ್ತು, ಹೊಸದೊಂದು ತುಂಡು ತಂದು ಸಿಕ್ಕಿಸಿದರೆ ಕೆಲಸ ಮುಗಿಯಿತು. ಇಂಜೆಕ್ಟರಿಗೆ ಹಾಗಲ್ಲ. ಅದರ ಸೂಕ್ಷ್ಮ ರಂಧ್ರಗಳಿಂದ ಪೆಟ್ರೋಲ್ ನುಣ್ಣಗೆ ಚಿಮ್ಮಬೇಕಾದರೆ ಹಿಂದಿನಿಂದ ಒತ್ತಡ ಬೇಕು, ಸಾಮಾನ್ಯವಾಗಿ 3 ಬಾರ್ ಆಸುಪಾಸು. ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ ಅದು ಸುಮಾರು 43 ಪಿಎಸ್‌ಐ, ಬೈಕಿನ ಹಿಂದಿನ ಟೈರಿಗೆ ಸಾಮಾನ್ಯವಾಗಿ ಹಿಡಿಸುವ ಗಾಳಿಗಿಂತ ಜಾಸ್ತಿ. ಆ ಒತ್ತಡವನ್ನು ಹೊತ್ತು ನಿಲ್ಲುವ ಮೊದಲ ಕೊಂಡಿಯೇ ಟ್ಯಾಂಕಿನೊಳಗಿನ ಪೈಪು.

ಪಂಪನ್ನು ಟ್ಯಾಂಕಿನ ಹೊರಗೂ ಇಡಬಹುದು, ಇಟ್ಟವರೂ ಇದ್ದಾರೆ. ಆದರೆ ಪಂಪು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಲುತ್ತದೆ. ಎಳೆಯುವ ಕಡೆ ಒತ್ತಡ ಕುಸಿದಾಗ ಬಿಸಿಲಿಗೆ ಕಾದ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಗುಳ್ಳೆ ಸಿಕ್ಕಿಕೊಂಡ ಪಂಪು ಸುಮ್ಮನೆ ತಿರುಗುತ್ತದೆ. ಮುಳುಗಿಸಿಟ್ಟರೆ ಈ ತೊಂದರೆ ಕಡಿಮೆ. ಸುತ್ತಲಿನ ಪೆಟ್ರೋಲೇ ಮೋಟರನ್ನು ತಣ್ಣಗಿಡುತ್ತದೆ, ಸದ್ದೂ ಅಡಗುತ್ತದೆ. ಸದಾ ರಿಸರ್ವಿನಲ್ಲೇ ಓಡಿಸುವವರ ಪಂಪು ಬೇಗ ಬಿಸಿಯಾಗುವುದು ಈ ಕಾರಣಕ್ಕೇ. ಪೆಟ್ರೋಲಿನ ನಡುವೆ ಕರೆಂಟು ಎಂದರೆ ಎದೆ ಝಲ್ಲೆನ್ನಬಹುದು. ಆದರೆ ಉರಿಯಲು ಗಾಳಿ ಬೇಕು. ಕೆಲಸ ಮಾಡುವ ಪಂಪಿನೊಳಗೆ ತುಂಬಿರುವುದು ಬರೀ ಪೆಟ್ರೋಲ್.

ಕವಾಸಾಕಿ 1980ರಲ್ಲೇ ಇಂಜೆಕ್ಷನ್ ಬೈಕನ್ನು ಮಾರುಕಟ್ಟೆಗೆ ತಂದಿತ್ತು. ಬಿಎಂಡಬ್ಲ್ಯು 1983ರ ಕೆ100ರಲ್ಲಿ ಪಂಪು, ಫಿಲ್ಟರು ಎರಡನ್ನೂ ಟ್ಯಾಂಕಿನೊಳಗೆ ಇಳಿಸಿತು. ಭಾರತದಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂದದ್ದು 2006ರಲ್ಲಿ. 2020ರ ಏಪ್ರಿಲ್ 1ರಂದು ಬಿಎಸ್6 ನಿಯಮ ಜಾರಿಯಾದ ಮೇಲೆ ಇಲ್ಲಿನ ಬಹುಪಾಲು ಬೈಕು, ಸ್ಕೂಟರುಗಳು ಕಾರ್ಬುರೇಟರನ್ನು ಬಿಟ್ಟವು. ಹೀಗಾಗಿ ಟ್ಯಾಂಕಿನೊಳಗಿನ ಪೈಪು ಈಗ ದುಬಾರಿ ಬೈಕಿನವರ ತಲೆನೋವಾಗಿ ಮಾತ್ರ ಉಳಿದಿಲ್ಲ.

ಈ ಪೈಪಿನ ಸ್ವಭಾವ ಚೆನ್ನಾಗಿ ತಿಳಿದಿರುವುದು 1990ರ ದಶಕದಲ್ಲಿ ಬಂದ ಬಿಎಂಡಬ್ಲ್ಯು ಆರ್1100 ಮತ್ತು ಅದರ ನಂತರದ ಆರ್1150 ಬೈಕುಗಳ ಮಾಲೀಕರಿಗೆ. ನಟ ಇವಾನ್ ಮೆಕ್‌ಗ್ರೆಗರ್ 2004ರಲ್ಲಿ ಲಂಡನ್ನಿನಿಂದ ಪೂರ್ವಾಭಿಮುಖವಾಗಿ ನ್ಯೂಯಾರ್ಕಿಗೆ ಹೋದದ್ದು ಆರ್1150 ಜಿಎಸ್ ಅಡ್ವೆಂಚರಿನಲ್ಲಿ. ಅಂಥ ದೂರದ ಓಟಕ್ಕೆಂದೇ ಕೊಂಡ ಈ ಬೈಕುಗಳು ಇಪ್ಪತ್ತು ಇಪ್ಪತ್ತೈದು ವರ್ಷವಾದರೂ ಓಡುತ್ತಿವೆ. ಒಳಗಿನ ರಬ್ಬರಿಗೆ ಅಷ್ಟು ಆಯುಸ್ಸಿಲ್ಲ. ಟ್ಯಾಂಕಿನ ಪಕ್ಕಕ್ಕೆ ನಟ್ಟುಗಳಿಂದ ಬಿಗಿದ ಒಂದು ದುಂಡನೆಯ ತಟ್ಟೆ, ಅದಕ್ಕೆ ಅಂಟಿಕೊಂಡಂತೆ ಪಂಪು. ಪಂಪಿನಿಂದ ಫಿಲ್ಟರಿಗೆ ಬಿಗಿಯಾಗಿ ಬಾಗಿದ ಪೈಪು, ಫಿಲ್ಟರಿನಿಂದ ತಟ್ಟೆಯ ಹೊರದಾರಿಗೆ ಇನ್ನೊಂದು. ಇವೆರಡೂ ಒತ್ತಡದ ಪೈಪುಗಳು. ಇವಲ್ಲದೆ ಪೆಟ್ರೋಲ್ ಹಾಕುವ ಬಾಯಿಯ ಹತ್ತಿರದಿಂದ ಎರಡು ಸಪೂರ ಪೈಪುಗಳು ಟ್ಯಾಂಕಿನ ಮಧ್ಯದಲ್ಲೇ ಹಾದು ಕೆಳಗಿಳಿಯುತ್ತವೆ. ಒಂದು ಗಾಳಿಯಾಡಲು, ಇನ್ನೊಂದು ಮುಚ್ಚಳದ ಸುತ್ತ ನಿಂತ ಮಳೆನೀರು ಹೊರಹೋಗಲು.

ಈ ಸಪೂರ ಪೈಪುಗಳನ್ನು ಬಹಳ ಜನ ಮರೆಯುತ್ತಾರೆ, ಸತಾಯಿಸುವುದರಲ್ಲಿ ಅವೇನೂ ಕಡಿಮೆಯಲ್ಲ. ನೀರಿನ ಪೈಪು ಸೀಳಿದರೆ ಟ್ಯಾಂಕು ತುಂಬಿಸಿದ ದಿನ ಬೈಕಿನ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತದೆ, ಮಟ್ಟ ಸೀಳಿಗಿಂತ ಕೆಳಗಿಳಿದ ಮೇಲೆ ತಾನಾಗಿ ನಿಲ್ಲುತ್ತದೆ. ಮಳೆಯಲ್ಲಿ ನಿಲ್ಲಿಸಿದರೆ ಅದೇ ಸೀಳಿನಿಂದ ನೀರು ಒಳಸೇರುತ್ತದೆ. ಟ್ಯಾಂಕೇ ತೂತಾಗಿದೆಯೆಂದು ತಿಳಿದು ಬೆಸುಗೆಯವನ ಹತ್ತಿರ ಒಯ್ಯುವ ಮೊದಲು ಇದನ್ನು ನೋಡುವುದು ಒಳ್ಳೆಯದು.

ಒತ್ತಡದ ಪೈಪು ಸೀಳಿದಾಗಿನ ಲಕ್ಷಣ ಬೇರೆ. ಬೈಕು ಸ್ಟಾರ್ಟ್ ಆಗುತ್ತದೆ, ನಿಂತಲ್ಲಿ ಸರಿಯಾಗಿಯೇ ಓಡುತ್ತದೆ. ಘಾಟಿ ಹತ್ತುವಾಗ, ಲಾರಿ ಹಿಂದೆ ಹಾಕುವಾಗ ಮಾತ್ರ ಎಳೆಯುವುದಿಲ್ಲ, ಮಿಸ್ ಹೊಡೆಯುತ್ತದೆ. ಸೀಳು ಸಣ್ಣದಿದ್ದಾಗ ನಿಧಾನದ ಓಟಕ್ಕೆ ಬೇಕಾದಷ್ಟು ಪೆಟ್ರೋಲ್ ಹೇಗೋ ತಲುಪುತ್ತದೆ, ಹೆಚ್ಚು ಬೇಕಾದಾಗ ಒತ್ತಡ ಕುಸಿಯುತ್ತದೆ. ಸೀಳು ದೊಡ್ಡದಾದರೆ, ಅಥವಾ ಕ್ಲ್ಯಾಂಪ್ ಸಡಿಲಾಗಿ ಪೈಪು ಕಳಚಿಕೊಂಡರೆ, ಪಂಪು ಓಡುತ್ತಲೇ ಇದ್ದರೂ ಎಂಜಿನ್ ನಿಂತುಹೋಗುತ್ತದೆ. ಕಟ್ಟಿಕೊಂಡ ಫಿಲ್ಟರು, ಸೋತ ಪಂಪು, ಒತ್ತಡವನ್ನು ಹದದಲ್ಲಿಡಲಾಗದ ಕೆಟ್ಟ ರೆಗ್ಯುಲೇಟರು ಕೂಡ ಇದೇ ಲಕ್ಷಣ ತೋರಿಸುತ್ತವೆ. ಒತ್ತಡದ ಗೇಜು ಹಾಕಿದರೆ ಒತ್ತಡ ಬಿದ್ದಿದೆಯೇ ಎಂಬುದು ಖಾತ್ರಿಯಾಗುತ್ತದೆ. ಪೆಟ್ರೋಲ್ ಕಡಿಮೆಯಿರುವಾಗ ಕೀ ಆನ್ ಮಾಡಿ ಕಿವಿಗೊಟ್ಟರೆ ಸೀಳಿನಿಂದ ಒಳಗೇ ಚಿಮ್ಮುವ ಸದ್ದು ಕೆಲವೊಮ್ಮೆ ಕೇಳುತ್ತದೆ.

ಹೊಸ ಪೈಪು ಆರಿಸುವಲ್ಲಿಯೇ ಹೆಚ್ಚಿನವರು ಎಡವುವುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಾಗಲಿ ಪೆಟ್ರೋಲ್ ಪೈಪು ಎಂದು ಕೇಳಿದರೆ ಮೀಟರ್ ಲೆಕ್ಕದ ಕಪ್ಪು ಪೈಪು ಸಿಗುತ್ತದೆ. ಅದು ಒಳಗಿನಿಂದ ಪೆಟ್ರೋಲ್ ಹರಿಯಲು ಮಾಡಿದ್ದು; ಹೊರಮೈ ಇರುವುದು ಬಿಸಿಲು, ಎಣ್ಣೆ, ಉಜ್ಜಾಟ ತಡೆಯಲು. ಮುಳುಗಿಸಿಟ್ಟರೆ ಹೊರಗಿನ ರಬ್ಬರು ಪೆಟ್ರೋಲ್ ಕುಡಿದು ಉಬ್ಬುತ್ತದೆ, ಕೆಲವೇ ತಿಂಗಳಲ್ಲಿ ಅಂಟಂಟಾಗಿ ಕರಿ ಚೂರುಗಳನ್ನು ಉದುರಿಸಬಹುದು. ಆ ಚೂರು ಜಾಲರಿಯನ್ನು ಕಟ್ಟುತ್ತದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ ಪೈಪುಗಳಿಗೆ ಕೊಟ್ಟಿರುವ ಗುರುತು ಇಲ್ಲಿ ಕೈಹಿಡಿಯುತ್ತದೆ. ಪೈಪಿನ ಮೇಲೆ 30ಆರ್7 ಎಂದಿದ್ದರೆ ಅದು ಕಾರ್ಬುರೇಟರಿಗೆ, ಕಡಿಮೆ ಒತ್ತಡಕ್ಕೆ. 30ಆರ್9 ಇಂಜೆಕ್ಷನ್ನಿನ ಒತ್ತಡ ತಡೆಯುತ್ತದೆ, ಆದರೆ ಟ್ಯಾಂಕಿನ ಹೊರಗೆ ಮಾತ್ರ. ಮುಳುಗಿಸಲು ಯೋಗ್ಯವಾದದ್ದು 30ಆರ್10. ಇದರ ಒಳಮೈ ಹೊರಮೈ ಎರಡಕ್ಕೂ ಪೆಟ್ರೋಲಿಗೆ ಜಗ್ಗದ ಫ್ಲೋರೋ ರಬ್ಬರು ಬಳಸುತ್ತಾರೆ. ಆರ್7 ಪೈಪಿನ ಮೇಲೆ 50 ಪಿಎಸ್‌ಐ ಎಂದು ಬರೆದಿರುವುದನ್ನು ಕಂಡು, ಬೇಕಾದದ್ದು 43 ತಾನೆ ಎಂದು ಹಾಕಿಬಿಡುವವರಿದ್ದಾರೆ. ಇಲ್ಲಿ ಒತ್ತಡದ ಅಂಕಿಗಿಂತ ಹೊರಮೈಯ ರಬ್ಬರು ಯಾವುದೆಂಬುದೇ ಮುಖ್ಯ. ಆರ್10 ಪೈಪಿನ ಬೆಲೆ ಸಾಮಾನ್ಯ ಪೈಪಿಗಿಂತ ಹಲವು ಪಟ್ಟು ಹೆಚ್ಚು. ಬೇಕಾಗುವುದು ಗೇಣುದ್ದವಾದ್ದರಿಂದ ಅಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಎಥನಾಲ್ ಬೆರೆತ ಮೇಲೆ ಈ ಆಯ್ಕೆ ಇನ್ನಷ್ಟು ಮುಖ್ಯವಾಗಿದೆ. ಶೇ. 20 ಎಥನಾಲ್ ಇರುವ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಇ20ಗೆಂದು ತಯಾರಾದ ವಾಹನಗಳಲ್ಲಿ ರಬ್ಬರಿನ ಭಾಗಗಳನ್ನು ಅದಕ್ಕೆ ತಕ್ಕಂತೆ ಆರಿಸಿರುತ್ತಾರೆ. ಹಳೆಯ ಬೈಕಿನ ಪೈಪು, ವಾಷರುಗಳಿಗೆ ಆ ಭರವಸೆಯಿಲ್ಲ. ಎಥನಾಲ್ ಕೆಲವು ಬಗೆಯ ರಬ್ಬರನ್ನು ಹೆಚ್ಚು ಉಬ್ಬಿಸುತ್ತದೆ, ಅದರ ಮೆದುತನ ಕಾಯುವ ಅಂಶವನ್ನು ತೊಳೆದುಬಿಡುತ್ತದೆ. ಅಂಥ ಪೈಪು ಒಮ್ಮೆ ಒಣಗಿತೆಂದರೆ ಕುಗ್ಗಿ ಬಿರಿಯುತ್ತದೆ. ತಿಂಗಳುಗಟ್ಟಲೆ ಖಾಲಿ ಟ್ಯಾಂಕಿನಲ್ಲಿ ನಿಂತ ಬೈಕು ಪೆಟ್ರೋಲ್ ಹಾಕಿದ ಮೇಲೆ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಕೆಲಸಕ್ಕೆ ಇಳಿಯುವ ಮೊದಲು ಟ್ಯಾಂಕು ಆದಷ್ಟು ಬರಿದಾಗಿರಬೇಕು, ಜಾಗ ಬಯಲಾಗಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲ ಹಿಡಿದು ಹರಿದು ಪಕ್ಕದ ಕೋಣೆಯ ಒಲೆಯವರೆಗೂ ಹೋಗಬಲ್ಲದು. ಬ್ಯಾಟರಿ ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ಅಥವಾ ಕನೆಕ್ಟರ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಆಮೇಲೆ ನೆಗೆಟಿವ್ ತಂತಿ ಬಿಚ್ಚಬೇಕು. ಹೊರಗಿನ ಪೈಪು ಕಳಚುವಾಗಲೂ ಸುತ್ತ ಬಟ್ಟೆ ಹಿಡಿಯಬೇಕು, ಸ್ವಲ್ಪವಾದರೂ ಚಿಮ್ಮುತ್ತದೆ.

ಟ್ಯಾಂಕನ್ನು ಬಿಚ್ಚಿ ದಪ್ಪ ಬಟ್ಟೆಯ ಮೇಲೆ ಮಲಗಿಸಿ, ತಟ್ಟೆಯ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ತಟ್ಟೆಯನ್ನು ನೇರವಾಗಿ ಎಳೆದರೆ ಫ್ಲೋಟಿನ ತೆಳು ತಂತಿ ಬಾಗುತ್ತದೆ, ಮುಂದೆ ಮೀಟರು ಸುಳ್ಳು ಹೇಳುತ್ತದೆ. ಓರೆ ಮಾಡಿ ತಿರುಗಿಸುತ್ತಾ ಹೊರತರಬೇಕು. ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂದು ಈಗಲೇ ಫೋಟೋ ತೆಗೆದುಕೊಳ್ಳುವುದು ಜಾಣತನ, ಮೊಬೈಲನ್ನು ಟ್ಯಾಂಕಿನ ಬಾಯಿಂದ ದೂರವಿಟ್ಟು. ಹಳೆಯ ಪೈಪನ್ನು ಜಗ್ಗಿ ಎಳೆಯಬಾರದು, ಪಂಪಿನ ಮೂತಿ ಮುರಿದೀತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸಿಪ್ಪೆಯಂತೆ ಬಿಡಿಸಬೇಕು, ಮೂತಿಗೆ ಗೀರು ಬೀಳದ ಹಾಗೆ.

ಹೊಸ ಪೈಪನ್ನು ಹಳೆಯದರಷ್ಟೇ ಉದ್ದಕ್ಕೆ, ನೇರವಾಗಿ ಕತ್ತರಿಸಬೇಕು. ಆರ್10 ಪೈಪು ಸ್ವಲ್ಪ ಬಿರುಸು. ಪಂಪು ಮತ್ತು ಫಿಲ್ಟರಿನ ನಡುವಿನ ತಿರುವಿನಲ್ಲಿ ಬಲವಂತವಾಗಿ ಬಾಗಿಸಿದರೆ ಒಳಗೆ ಮಡಚಿ ದಾರಿ ಕಟ್ಟುತ್ತದೆ. ಅಂಥ ಕಡೆ ಅಚ್ಚಿನಲ್ಲೇ ಬಾಗಿಸಿದ ಪೈಪು ಬೇಕು. ತುದಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿದರೆ ಸುಲಭವಾಗಿ ಏರುತ್ತದೆ. ಮೂತಿಯ ಉಬ್ಬನ್ನು ದಾಟಿ ಪೈಪು ಪೂರ್ತಿ ಕೂರಬೇಕು, ಕ್ಲ್ಯಾಂಪ್ ಉಬ್ಬಿನ ಹಿಂದೆ ಬರಬೇಕು. ಫಿಲ್ಟರಿನ ಮೇಲಿನ ಬಾಣ ಪೆಟ್ರೋಲ್ ಹೋಗುವ ದಿಕ್ಕನ್ನು ತೋರಿಸಬೇಕು. ಟ್ಯಾಂಕು ಹೇಗೂ ತೆರೆದಿರುವಾಗ ಫಿಲ್ಟರನ್ನೂ ಬದಲಾಯಿಸುವುದೇ ಲಾಭ.

ಕ್ಲ್ಯಾಂಪಿನ ವಿಷಯದಲ್ಲಿ ಜಿಪುಣತನ ಸಲ್ಲದು. ಸ್ಕ್ರೂ ತಿರುಗಿಸಿ ಬಿಗಿಯುವ ಮಾಮೂಲಿ ಕ್ಲ್ಯಾಂಪಿನ ಪಟ್ಟಿಯಲ್ಲಿ ಸಾಲಾಗಿ ಸೀಳುಗಳಿರುತ್ತವೆ, ಬಿಗಿಮಾಡಿದಂತೆ ಅವು ರಬ್ಬರನ್ನು ಕೊಯ್ಯುತ್ತವೆ. ಹೊರಗಾದರೆ ಕಂಡೀತು, ಒಳಗೆ ಕಾಣುವವರಾರು? ಸ್ವಿಸ್ ಕಂಪನಿ ಓಟಿಕರ್ ಹೆಸರಿನಿಂದಲೇ ಕರೆಯುವ, ಕಿವಿಯನ್ನು ಇಕ್ಕಳದಿಂದ ಹಿಂಡಿ ಬಿಗಿಯುವ ನಯವಾದ ಸ್ಟೀಲ್ ಕ್ಲ್ಯಾಂಪ್ ಇಲ್ಲಿಗೆ ಸರಿ. ಅದು ಒಂದೇ ಸಲಕ್ಕೆ; ಬಿಚ್ಚಿದರೆ ಹೊಸದೇ ಬೇಕು.

ತಟ್ಟೆಯ ರಬ್ಬರ್ ಉಂಗುರ ಹೊರಬಂದ ಕೂಡಲೇ ಉಬ್ಬಿ, ತನ್ನ ತೋಡಿನಲ್ಲಿ ಕೂರಲೊಲ್ಲದು. ಹೊಸದು ಸಿಗದಿದ್ದರೆ ಒಂದು ದಿನ ಗಾಳಿಗೆ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಮೊದಲಿನ ಅಳತೆಗೆ ಕುಗ್ಗುತ್ತದೆ. ಎಲ್ಲ ಜೋಡಿಸಿದ ಮೇಲೆ ಮೂರು ನಾಲ್ಕು ಲೀಟರ್ ಪೆಟ್ರೋಲ್ ಹಾಕಿ, ಸ್ಟಾರ್ಟ್ ಮಾಡದೆ ಕೀಯನ್ನು ಕೆಲವು ಸಲ ಆನ್ ಆಫ್ ಮಾಡಬೇಕು. ಪ್ರತಿ ಸಲವೂ ಪಂಪು ಕೆಲ ಕ್ಷಣ ಓಡಿ ಒತ್ತಡ ಏರಿಸುತ್ತದೆ. ತಟ್ಟೆಯ ಸುತ್ತ, ಹೊರಗಿನ ಕೂಡುಗಳಲ್ಲಿ ಬೆರಳಾಡಿಸಿ ಒಣಗಿರುವುದು ಖಾತ್ರಿಯಾದ ಮೇಲೆಯೇ ಎಂಜಿನ್ ಚಾಲೂ ಮಾಡುವುದು.

ಈಗಿನ ಬೈಕುಗಳಲ್ಲಿ ಪಂಪು, ಜಾಲರಿ, ರೆಗ್ಯುಲೇಟರು ಒಂದೇ ಪ್ಲಾಸ್ಟಿಕ್ ಮಾಡ್ಯೂಲಿನಲ್ಲಿ ಇರುವುದು ಹೆಚ್ಚು. ಕೆಲವದರಲ್ಲಿ ರಬ್ಬರ್ ಪೈಪೇ ಇಲ್ಲ, ಸುಕ್ಕುಸುಕ್ಕಾದ ನೈಲಾನ್ ಕೊಳವೆಯನ್ನು ಕ್ಲ್ಯಾಂಪಿಲ್ಲದೆ ಮೂತಿಗೆ ಒತ್ತಿ ಕೂರಿಸಿರುತ್ತಾರೆ. ಅದನ್ನು ತಯಾರಕರು ಬಿಡಿಯಾಗಿ ಮಾರುವುದು ಅಪರೂಪ. ಸೀಳಿದರೆ ಇಡೀ ಮಾಡ್ಯೂಲನ್ನೇ ಬರೆದುಕೊಡುವುದು ಶೋರೂಮಿನ ವಾಡಿಕೆ. ಮೂತಿಗಳ ಅಳತೆ ಹೊಂದಿ, ಕ್ಲ್ಯಾಂಪ್ ಹಿಂಡಲು ಜಾಗವಿದ್ದರೆ, ಒಳ್ಳೆಯ ಮೆಕ್ಯಾನಿಕ್ ಕೈಯಲ್ಲಿ ಅಲ್ಲಿಯೂ ಆರ್10 ಪೈಪಿನ ತುಂಡು ಕೆಲಸ ಮಾಡುತ್ತದೆ. ಮೂತಿಯೇ ಬಿರುಕು ಬಿಟ್ಟಿದ್ದರೆ ಮಾತ್ರ ಮಾಡ್ಯೂಲ್ ಬದಲಿಸದೆ ದಾರಿಯಿಲ್ಲ.