ಹಬ್ಬದ ದಿನ ನೀವೂ ಮೊದಲ ಪಂಕ್ತಿಗೆ ಕೂರಿ

ಯುಗಾದಿಯ ದಿನ ಮಧ್ಯಾಹ್ನ ಮೂರೂವರೆ. ಬಂದವರೆಲ್ಲ ಹೋಳಿಗೆ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಫ್ಯಾನಿನ ಕೆಳಗೆ ಚಾಪೆ ಹಾಸಿ ಮಲಗಿದ್ದಾರೆ. ಅಡುಗೆಮನೆಯಲ್ಲಿ ಒಬ್ಬಳು ತಪ್ಪಲೆಯ ತಳದಲ್ಲಿ ಆರಿಹೋದ ಅನ್ನಕ್ಕೆ ಸಾರು ಕಲಸಿಕೊಂಡು, ಕಟ್ಟೆಗೆ ಒರಗಿ ನಿಂತೇ ತಿನ್ನುತ್ತಿದ್ದಾಳೆ. ಉಳಿದಿರುವ ಹೋಳಿಗೆ ಒಂದೇ, ಅದೂ ಹರಿದದ್ದು. ಹಸಿವು ಎಷ್ಟೋ ಹೊತ್ತಿನ ಹಿಂದೆಯೇ ಸತ್ತುಹೋಗಿದೆ. ಈ ಹೆಂಗಸು ಯಾರು ಅಂತ ನಿಮಗೆ ಗೊತ್ತಲ್ವಾ? ನೀವೇ! ನಾನೂ ಹೌದು. ಮದುವೆಯಾಗಿ ಬಂದ ಮೇಲೆ ಹನ್ನೊಂದು ಯುಗಾದಿ ಹೀಗೇ ಕಳೆದವಳು ನಾನು.

ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ. ಒಂದು ಸಲ ನಮ್ಮ ಮಗಳು ಶಾಲೆಗೆ ‘ನಮ್ಮ ಮನೆಯ ಯುಗಾದಿ’ ಅಂತ ಪ್ರಬಂಧ ಬರೆದಳು. ಅಜ್ಜಿ, ಅಪ್ಪ, ದೊಡ್ಡಪ್ಪ, ಅತ್ತೆ, ಮಾವ, ಅವರ ಮಕ್ಕಳು ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿದೆವು ಅಂತ ಸಾಲಾಗಿ ಹೆಸರು. ಅಮ್ಮನ ಹೆಸರೇ ಇಲ್ಲ! ‘ಏನೇ ಇದು?’ ಅಂದರೆ, ‘ನೀನು ಕೂತಿರ್ಲಿಲ್ವಲ್ಲಮ್ಮಾ’ ಅಂದಳು. ಮಗು ಸುಳ್ಳೇನೂ ಬರೆದಿರಲಿಲ್ಲ.

ಮುಂದಿನ ವರ್ಷದಿಂದ ನಾನು ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಒಂದು ಹಾಳೆ, ಒಂದು ಪೆನ್ನು ಹಿಡಿದು ಕೂತೆ. ಅಷ್ಟೇ.

ತಲೆ ಲೆಕ್ಕ, ಒಲೆ ಲೆಕ್ಕ

ನಾವೆಲ್ಲ ಮೆನು ಅಂದರೆ ಅಡುಗೆಗಳ ಹೆಸರು ಬರೆಯೋದು ಅಂದುಕೊಳ್ಳುತ್ತೇವೆ. ಕೋಸಂಬರಿ ಎರಡು, ಪಲ್ಯ ಎರಡು, ಚಿತ್ರಾನ್ನ, ಹೋಳಿಗೆ, ಪಾಯಸ, ಆಂಬೊಡೆ, ಹಪ್ಪಳ... ಬರೆಯುವಾಗ ಕೈ ತಡೆಯೋದೇ ಇಲ್ಲ. ಆದರೆ ಅದನ್ನೆಲ್ಲ ಬೇಯಿಸೋಕೆ ಒಲೆ ಎಷ್ಟಿವೆ? ಹೆಚ್ಚಿನವರ ಮನೆಯಲ್ಲಿ ಎರಡೋ ಮೂರೋ ಬರ್ನರ್. ಒಂದೇ ಕಾವಲಿಯಲ್ಲಿ ನಲವತ್ತು ಹೋಳಿಗೆ ಬೇಯಿಸಲು ಏನಿಲ್ಲವೆಂದರೂ ಒಂದೂವರೆ ಗಂಟೆ ಬೇಕು. ಅಲ್ಲಿಗೆ ಒಂದು ಒಲೆ ಹೋಯಿತು. ಉಳಿದ ಒಲೆಯಲ್ಲಿ ಅನ್ನ, ಸಾರು, ಪಲ್ಯ, ಪಾಯಸ, ಕೊನೆಗೆ ಎಣ್ಣೆ ಬಾಣಲಿ. ಊಟ ಮೂರು ಗಂಟೆಯಾಗದೆ ಇನ್ನೇನಾದೀತು ಹೇಳಿ!

ಅದಕ್ಕೇ ನನ್ನ ಹಾಳೆಯಲ್ಲಿ ಮೊದಲು ಬರೆಯೋದು ತಲೆ ಲೆಕ್ಕ. ದೊಡ್ಡವರೆಷ್ಟು, ಮಕ್ಕಳೆಷ್ಟು, ಹಲ್ಲಿಲ್ಲದವರು ಯಾರು, ಶುಗರ್ ಇರುವವರು ಯಾರು. (ಶುಗರ್ ಇರುವವರಿಗೆ ‘ಬೆಲ್ಲ ಅಲ್ವಾ, ಏನೂ ಆಗಲ್ಲ ತಿನ್ನಿ’ ಅಂತ ಒತ್ತಾಯ ಮಾಡಬೇಡಿ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಂಗೈಯಗಲದ ಪುಟ್ಟ ಹೋಳಿಗೆ ಒಂದನ್ನು ಅವರಿಗೆಂದೇ ತಟ್ಟಿ, ಕೋಸಂಬರಿ, ಪಲ್ಯ ಇನ್ನಷ್ಟು ಬಡಿಸಿ. ಅವರಿಗೂ ಖುಷಿ.) ಆಮೇಲೆ ಒಲೆ ಲೆಕ್ಕ. ಪ್ರತಿ ಅಡುಗೆಯ ಮುಂದೆ ಹಿಂದಿನ ರಾತ್ರಿ, ಬೆಳಿಗ್ಗೆ, ಎಲೆ ಹಾಕುವ ಹೊತ್ತು ಅಂತ ಯಾವುದಾದರೂ ಒಂದನ್ನು ಬರೆಯುತ್ತೇನೆ. ‘ಎಲೆ ಹಾಕುವ ಹೊತ್ತು’ ಅನ್ನೋದು ಎರಡಕ್ಕಿಂತ ಹೆಚ್ಚು ಅಡುಗೆಗೆ ಬಿದ್ದರೆ ಒಂದನ್ನು ಹೊಡೆದು ಹಾಕುತ್ತೇನೆ. ನಮ್ಮ ಮನೆಯಲ್ಲಿ ಹಾಗೆ ಮೊದಲು ಹೋದದ್ದು ಪಾಯಸ. ಹೋಳಿಗೆಯ ದಿನ ಪಾಯಸವನ್ನು ಕೇಳುವವರು ಯಾರು? ಒಂದು ಲೋಟ ಕುಡಿದು ಲೋಟ ತೊಳೆಯೋಕೆ ಹಾಕುತ್ತಾರೆ, ಅಷ್ಟೇ. ನೈವೇದ್ಯಕ್ಕೆ ಬೇಕೇ ಬೇಕು ಅನ್ನುವ ಮನೆಯಾದರೆ ಒಂದು ಹಿಡಿ ಹೆಸರುಬೇಳೆಯಲ್ಲಿ ಸಣ್ಣ ಪಾತ್ರೆಯಷ್ಟು ಮಾಡಿಡಿ.

ಹದಿನಾರು ಜನಕ್ಕೆ

ನಮ್ಮಲ್ಲಿ ಸಾಮಾನ್ಯವಾಗಿ ಸೇರುವುದು 16 ಜನ. ಆ ಅಳತೆ ಹೇಳುತ್ತೇನೆ, ನಿಮ್ಮ ಮನೆಗೆ ತಕ್ಕಂತೆ ಹೆಚ್ಚುಕಮ್ಮಿ ಮಾಡಿಕೊಳ್ಳಿ. ಅಕ್ಕಿ ಒಟ್ಟು 2 ಕೆಜಿ. ಅದರಲ್ಲಿ ಮುಕ್ಕಾಲು ಕೆಜಿ ಮಾವಿನಕಾಯಿ ಚಿತ್ರಾನ್ನಕ್ಕೆ, ಉಳಿದದ್ದು ಬಿಳಿ ಅನ್ನಕ್ಕೆ. ಕೋಸಂಬರಿಗೆ ಹೆಸರುಬೇಳೆ ಕಾಲು ಕೆಜಿ, ಸೌತೆಕಾಯಿ ಎರಡು. ಹೋಳಿಗೆಗೆ ಕಡಲೆಬೇಳೆ ಮುಕ್ಕಾಲು ಕೆಜಿ, ಬೆಲ್ಲವೂ ಅಷ್ಟೇ. ಕಣಕಕ್ಕೆ ಚಿರೋಟಿ ರವೆ, ಮೈದಾ ತಲಾ ಕಾಲು ಕೆಜಿ. ತಲೆಗೆರಡರಂತೆ ಬಡಿಸಿ, ಪಕ್ಕದ ಮನೆಗೆ ಕೊಟ್ಟು, ನಿಮಗೂ ಹರಿಯದ ಹೋಳಿಗೆ ಉಳಿಯುತ್ತದೆ.

ಹಿಂದಿನ ರಾತ್ರಿಯೇ ಹೂರಣ ರುಬ್ಬಿ ಫ್ರಿಜ್‌ನಲ್ಲಿ ಇಡಿ. ಬೇಳೆಯನ್ನು ಕುಕ್ಕರ್‌ಗೆ ಹಾಕಬೇಡಿ, ಒಂದು ಸೀಟಿ ಹೆಚ್ಚಾದರೆ ಗಂಜಿಯಾಗುತ್ತದೆ. ಒಂದು ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಧಾರಾಳ ನೀರಿಟ್ಟು, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಬೇಯಿಸಿ ಕಟ್ಟು ಬಸಿಯಿರಿ. ನೀರು ಪೂರ್ತಿ ಇಳಿಯುವ ತನಕ ಅವಸರ ಬೇಡ. ಆಮೇಲೆ ಬೆಲ್ಲ ಸೇರಿಸಿ, ಗಟ್ಟಿಯಾಗುವವರೆಗೆ ಕೈಯಾಡಿಸಿ, ಆರಿದ ಮೇಲೆ ಏಲಕ್ಕಿ ಹಾಕಿ ನುಣ್ಣಗೆ ರುಬ್ಬಿ. ಹೂರಣ ತೆಳ್ಳಗಾಯಿತು ಅಂತ ಅಳುವ ಅಗತ್ಯವಿಲ್ಲ. ದಪ್ಪ ತಳದ ಬಾಣಲಿಗೆ ಹಾಕಿ ಸಣ್ಣ ಉರಿಯಲ್ಲಿ ಮತ್ತೆ ಮಗುಚಿದರೆ ಸರಿಹೋಗುತ್ತದೆ. ಕಣಕ ಮಾತ್ರ ಧಾರಾಳವಾಗಿ ಎಣ್ಣೆ ಕುಡಿಯಬೇಕು. ಚಿಟಿಕೆ ಉಪ್ಪು, ಅರಿಶಿನ ಹಾಕಿ ಮೆತ್ತಗೆ ಕಲಸಿ, ಮೇಲೆ ಎಣ್ಣೆ ಸುರಿದು ಮೂರು ನಾಲ್ಕು ಗಂಟೆ ಮುಚ್ಚಿಡಿ. ಹೋಳಿಗೆ ಹರಿಯುವುದಕ್ಕೆ ಹೆಚ್ಚಾಗಿ ಕಾರಣ ನಿಮ್ಮ ಕೈಯಲ್ಲ. ಒಂದೋ ಕಣಕ ನೆನೆದಿರುವುದಿಲ್ಲ, ಇಲ್ಲವೇ ಹೂರಣದಲ್ಲಿ ಬೇಳೆಯ ತರಿ ಉಳಿದಿರುತ್ತದೆ.

ಚಿತ್ರಾನ್ನದ ಮಾವಿನಕಾಯಿ ಗೊಜ್ಜೂ ರಾತ್ರಿಯದೇ. ಬೆಳಿಗ್ಗೆ ಕರೆಂಟು ಹೋದರೂ ಚಿಂತೆಯಿಲ್ಲ ನೋಡಿ. ಕೋಸಂಬರಿಗೆ ಬೇಳೆ ಒಂದು ಗಂಟೆ ನೆನೆದರೆ ಸಾಕು, ಬೆಳಿಗ್ಗೆ ನೆನೆಸಿ. ಸೌತೆಕಾಯಿ, ತೆಂಗಿನತುರಿ, ಒಗ್ಗರಣೆ ಎಲ್ಲ ಹಾಕಿ, ಉಪ್ಪು ಮಾತ್ರ ಎಲೆ ಹಾಕುವಾಗಲೇ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಎಲೆ ತುಂಬ ಹರಿಯುತ್ತದೆ. ಹೋಳಿಗೆಯನ್ನು ಬೆಳಿಗ್ಗೆ ಎಂಟಕ್ಕೆ ಶುರುಮಾಡಿ ಒಂಬತ್ತೂವರೆಗೆ ಮುಗಿಸಿಬಿಡಿ. ಹಬ್ಬದ ಹೋಳಿಗೆ ಕಾವಲಿಯಿಂದ ನೇರ ಎಲೆಗೇ ಬೀಳಬೇಕು ಅಂತ ಎಲ್ಲೂ ಬರೆದಿಲ್ಲ. ಮೇಲೆ ಬಿಸಿ ತುಪ್ಪ ಬಿದ್ದರೆ ಸಾಕು, ಯಾರೂ ಗುರುತು ಹಿಡಿಯುವುದಿಲ್ಲ. ಕೊನೆಗೆ ಬಿಸಿಬಿಸಿಯಾಗಿ ಆಗಬೇಕಾದ್ದು ಅನ್ನ, ಆಂಬೊಡೆ ಎರಡೇ.

ಬರುವವರಿಗೆ ಏನು ಹೇಳೋದು?

‘ಏನಾದ್ರೂ ತರ್ಲಾ?’ ಅಂತ ಫೋನಿನಲ್ಲಿ ನಾದಿನಿಯೋ ವಾರಗಿತ್ತಿಯೋ ಕೇಳುತ್ತಾರೆ. ‘ಅಯ್ಯೋ ಏನೂ ಬೇಡ, ನೀವು ಬನ್ನಿ ಸಾಕು’ ಅನ್ನುತ್ತೇವೆ. ಯಾಕೆ ಹಾಗನ್ನಬೇಕು? ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ಅತ್ತೆಗೆ ಇಷ್ಟವಾಗಲಿಲ್ಲ. ‘ಹಬ್ಬಕ್ಕೆ ಬರೋರ ಕೈಲಿ ಅಡುಗೆ ಹೊರಿಸ್ಕೊಂಡು ಬಾ ಅನ್ನೋದಾ? ಜನ ಏನಂತಾರೆ?’ ಅಂದರು. ಅವರ ಮಾತಿನಲ್ಲೂ ಅರ್ಥವಿತ್ತು. ನೈವೇದ್ಯಕ್ಕೆ ಇಡುವುದು ಮನೆಯಲ್ಲೇ ಮಡಿಯಲ್ಲಿ ಆಗಬೇಕು ಅನ್ನುವುದು ಅವರ ಕ್ರಮ. ಅದನ್ನು ಮುರಿಯೋಕೆ ನನಗೂ ಮನಸ್ಸಿರಲಿಲ್ಲ. ಹಾಗಾಗಿ ನೈವೇದ್ಯದ ಅಡುಗೆಯೆಲ್ಲ ನನ್ನ ಪಾಲಿಗೆ. ಹೊರಗಿನಿಂದ ಬಂದದ್ದು ಮೊಸರು, ಮಸಾಲೆ ಮಜ್ಜಿಗೆ, ಕರಿದ ಹಪ್ಪಳ ಸಂಡಿಗೆ, ಉಪ್ಪಿನಕಾಯಿ, ಹಣ್ಣು. ದೊಡ್ಡ ವಾರಗಿತ್ತಿ ಡಬ್ಬಿ ತುಂಬ ಸಂಡಿಗೆ ಕರಿದುಕೊಂಡು ಬಂದರು. ಅಷ್ಟರಿಂದಲೇ ಕೊನೆಯ ಅರ್ಧ ಗಂಟೆ ಎಣ್ಣೆ ಬಾಣಲಿಯ ಮುಂದೆ ಬೆವರುವುದು ತಪ್ಪಿತು. ಅತ್ತೆ ಅವತ್ತು ಸಂಡಿಗೆ ಎರಡು ಸಲ ಹಾಕಿಸಿಕೊಂಡರು. ನಾನೇನೂ ಅನ್ನಲಿಲ್ಲ!

‘ಏನಾದ್ರೂ ತನ್ನಿ’ ಅಂತ ಮಾತ್ರ ಹೇಳಬೇಡಿ. ಮೂವರೂ ಮೈಸೂರುಪಾಕಿನ ಡಬ್ಬಿ ಹಿಡಿದು ಬರುತ್ತಾರೆ. ‘ಅಕ್ಕಾ, ನೀವು ಎರಡು ಲೀಟರ್ ಮೊಸರು’ ಅಂತ ಅಳತೆ ಸಮೇತ ಹೇಳಿ. ಗಂಡಸರಿಗೂ ಇದೇ ಮಾತು. ಬಾಳೆಎಲೆ, ಮಾವಿನಸೊಪ್ಪು, ಬೇವಿನಹೂವು, ಹೂವು, ಇಷ್ಟಿಷ್ಟು ಅಂತ ಚೀಟಿ ಬರೆದು ಎರಡು ದಿನ ಮುಂಚೆ ಕೈಗೆ ಕೊಡಿ. ಹಬ್ಬದ ಹಿಂದಿನ ಸಂಜೆ ಗಾಂಧಿಬಜಾರಿನಲ್ಲೋ ದೇವರಾಜ ಮಾರುಕಟ್ಟೆಯಲ್ಲೋ ಹೂವಿನ ರೇಟು ಕೇಳಿ ಅವರು ಬರಿಗೈಯಲ್ಲಿ ವಾಪಸು ಬಂದರೆ ಆ ಟೆನ್ಷನ್ ಬೀಳುವುದು ನಿಮ್ಮ ಮೇಲೇ. ಮಾರನೇ ದಿನ ವರ್ಷತೊಡಕು ಮಾಡುವ ಮನೆಯವರಾದರೆ ಅದರ ಮಸಾಲೆ ಸಾಮಾನನ್ನೂ ಅದೇ ಚೀಟಿಯಲ್ಲಿ ಸೇರಿಸಿ. ಎರಡು ದಿನದ ಅಡುಗೆಗೆ ಎರಡು ಸಲ ಅಂಗಡಿಗೆ ಓಡುವುದು ತಪ್ಪುತ್ತದೆ.

ಕಲ್ಲು ತೊಳೆಯದ ಗುಟ್ಟು

ಇನ್ನು ಒಬ್ಬಟ್ಟಿನ ಸಾರು. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಬೇಸರಪಡಬೇಡಿ.

ನಮ್ಮತ್ತೆಯ ಒಬ್ಬಟ್ಟಿನ ಸಾರು ನೆಂಟರಲ್ಲೆಲ್ಲ ಹೆಸರಾಗಿತ್ತು. ‘ಹೇಗೆ ಮಾಡ್ತೀರಿ ಅತ್ತೆ?’ ಅಂದರೆ, ‘ಅದರಲ್ಲೇನಿದೆ ಕಣೇ, ಎಲ್ಲಾರೂ ಮಾಡೋ ಹಾಗೇ’ ಅನ್ನುತ್ತಿದ್ದರು. ಅಳತೆ ಕೇಳಿದರೆ ‘ಕೈಗೆ ಗೊತ್ತಾಗತ್ತೆ’. ನಾಳೆ ಬರೆದುಕೊಳ್ಳೋಣ ಅಂತ ನಾನೂ ಬಿಟ್ಟೆ. ಅವರು ತೀರಿಕೊಂಡ ಮೇಲಿನ ಮೊದಲ ಯುಗಾದಿಗೆ ಸಾರು ಮಾಡಿದೆ. ಯಾರೂ ಏನೂ ಅನ್ನಲಿಲ್ಲ, ಎರಡನೇ ಸಲ ಹಾಕಿಸಿಕೊಳ್ಳಲೂ ಇಲ್ಲ. ಮರುವರ್ಷ ನಾದಿನಿ ಬಂದು ಮಾಡಿದಳು, ಅವಳದ್ದೂ ಅಲ್ಲ. ಕಾಯಿ ಹುರಿಯುತ್ತಿದ್ದರು ಅಂತ ಅವಳು, ಹಸಿಯಾಗೇ ಹಾಕುತ್ತಿದ್ದರು ಅಂತ ನಾನು. ಹಬ್ಬದ ದಿನ ಇಬ್ಬರಿಗೂ ಮುಖ ಊದಿತ್ತು.

ಗುಟ್ಟು ಹೇಳಿದ್ದು ಹಿಂದೆ ಅತ್ತೆಯ ಕಾಲದಲ್ಲಿ ಮನೆಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸು. ಹಬ್ಬದ ಬಟ್ಟೆ ಕೊಡೋಣ ಅಂತ ಕರೆದಿದ್ದೆ. ಮಾತಿಗೆ ಮಾತು ಬಂದು, ‘ಅಮ್ಮಾವ್ರು ಹೂರಣ ರುಬ್ಬಿದ ಕಲ್ಲು ತೊಳೆಯಕ್ಕೇ ಬಿಡ್ತಿರ್ಲಿಲ್ವಲ್ಲಾ, ಅದರ ಮೇಲೇ ಸಾರಿನ ಖಾರ ರುಬ್ಬುಸೋರು’ ಅಂದಳು. ಅತ್ತೆಗೆ ಅದು ಗುಟ್ಟೇ ಆಗಿರಲಿಲ್ಲ, ಹಾಗಾಗಿ ಹೇಳಿರಲೂ ಇಲ್ಲ. ನಾನೋ ಮಿಕ್ಸಿ ಜಾರನ್ನು ಸೋಪು ಹಾಕಿ ಫಳಫಳ ಉಜ್ಜಿ ತೊಳೆದು ಖಾರ ರುಬ್ಬುತ್ತಿದ್ದೆ!

ಈಗ ನಾನು ಮಾಡುವುದು ಹೀಗೆ. ಧನಿಯಾ 4 ಚಮಚ, ಜೀರಿಗೆ 1 ಚಮಚ, ಕಾಳುಮೆಣಸು ಅರ್ಧ ಚಮಚ, ನಾಲ್ಕೈದು ಮೆಂತ್ಯದ ಕಾಳು, ಒಂದು ಚೂರು ಚಕ್ಕೆ, ಎರಡು ಲವಂಗ, ಹತ್ತು ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ. ಇಷ್ಟನ್ನೂ ಸ್ವಲ್ಪ ಎಣ್ಣೆಯಲ್ಲಿ ಘಮ್ಮೆನ್ನುವ ಹಾಗೆ ಹುರಿದುಕೊಳ್ಳಿ. ಹೂರಣ ರುಬ್ಬಿದ ಜಾರನ್ನು ತೊಳೆಯದೆ ಮುಚ್ಚಿ ಫ್ರಿಜ್‌ನಲ್ಲೇ ಇಟ್ಟಿರಿ. ಬೆಳಿಗ್ಗೆ ಅದಕ್ಕೇ ಹುರಿದ ಮಸಾಲೆ, ಒಂದು ಬಟ್ಟಲು ತೆಂಗಿನತುರಿ, ನಿಂಬೆಗಾತ್ರದ ಹೂರಣದ ಉಂಡೆ ಹಾಕಿ ನುಣ್ಣಗೆ ರುಬ್ಬಿ. (ಕಾಯಿ ನಾನು ಹಸಿಯಾಗೇ ಹಾಕೋದು, ನಾದಿನಿ ಅವಳ ಮನೆಯಲ್ಲಿ ಹುರಿಯುತ್ತಾಳೆ. ಎರಡೂ ಚೆನ್ನಾಗಿರುತ್ತದೆ.) ಬಸಿದ ಕಟ್ಟನ್ನು ರಾತ್ರಿ ಆರಿದ ಕೂಡಲೇ ಫ್ರಿಜ್‌ಗೆ ಸೇರಿಸಿರಬೇಕು, ಬೇಸಿಗೆಯಲ್ಲಿ ಹೊರಗಿಟ್ಟರೆ ಹುಳಿಯುತ್ತದೆ. ಎರಡು ಲೀಟರಿನಷ್ಟು ಕಟ್ಟಿಗೆ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣಿನ ರಸ, ಉಪ್ಪು, ರುಬ್ಬಿದ ಖಾರ ಸೇರಿಸಿ ಚೆನ್ನಾಗಿ ಕುದಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಈರುಳ್ಳಿ ಬೆಳ್ಳುಳ್ಳಿ ಹಾಕುವ ಮನೆಗಳೂ ಇವೆ, ನೈವೇದ್ಯಕ್ಕಿಡುವುದರಿಂದ ನಮ್ಮಲ್ಲಿಲ್ಲ.

ನಿಮ್ಮ ಮನೆಯಲ್ಲಿ ಅತ್ತೆಯೋ ಅಮ್ಮನೋ ಅಜ್ಜಿಯೋ ಇನ್ನೂ ಒಲೆಯ ಮುಂದೆ ನಿಲ್ಲುವ ಹಾಗಿದ್ದರೆ ಈ ಯುಗಾದಿಗೇ ಪಕ್ಕದಲ್ಲಿ ನಿಂತುಕೊಳ್ಳಿ. ಕೇಳಿದರೆ ಅವರು ಅರ್ಧ ಹೇಳುತ್ತಾರೆ. ನೋಡಬೇಕು. ಅವರು ಹಿಡಿ ತುಂಬಿ ಹಾಕುವ ಮೊದಲು ಆ ಹಿಡಿಯನ್ನು ಒಂದು ಬಟ್ಟಲಿಗೆ ಸುರಿಸಿಕೊಂಡು ಅಳೆದು ಬರೆದುಕೊಳ್ಳಿ. ‘ಏನೇ ಇದು ಪರೀಕ್ಷೆ!’ ಅಂತ ಬೈಯುತ್ತಾರೆ, ಬೈಸಿಕೊಳ್ಳಿ. ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಹಾಕಿ, ಆದರೆ ಒಂದು ನೋಟ್‌ಬುಕ್ಕಿನಲ್ಲೂ ಇರಲಿ. ಫೋನು ಬದಲಾದರೆ ಫೋನಿನಲ್ಲಿದ್ದ ಸಾರೂ ಹೋಗುತ್ತದೆ.

ಅದೇ ನೋಟ್‌ಬುಕ್ಕಿನಲ್ಲಿ ಹಬ್ಬದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಐದು ನಿಮಿಷ ಕೂತು, ಏನು ಉಳಿಯಿತು, ಏನು ಸಾಲಲಿಲ್ಲ ಅಂತ ಬರೆದಿಡಿ. ಮುಂದಿನ ವರ್ಷ ಮೆನು ಬರೆಯುವಾಗ ಇದಕ್ಕಿಂತ ಒಳ್ಳೆಯ ಸಹಾಯ ಬೇರೆ ಸಿಗುವುದಿಲ್ಲ. ಕಳೆದ ಯುಗಾದಿಯ ನನ್ನ ಪುಟದಲ್ಲಿ ಇಷ್ಟಿದೆ: ‘ಕೋಸಂಬರಿ ಸಾಲಲಿಲ್ಲ, ಸೌತೆಕಾಯಿ ಇನ್ನೊಂದು ಬೇಕು. ಆಂಬೊಡೆ ಹನ್ನೆರಡು ಉಳಿಯಿತು. ಮಜ್ಜಿಗೆಗೆ ಉಪ್ಪು ಹೆಚ್ಚು (ಅಕ್ಕನಿಗೆ ಹೇಳೋದು ಬೇಡ). ಎಲೆ ಹಾಕಿದ್ದು ಒಂದೂ ಕಾಲಿಗೆ. ಸಾರು ಸರಿ.’ ಅದರ ಕೆಳಗೆ ಮಗಳ ಅಕ್ಷರದಲ್ಲಿ ಪೆನ್ಸಿಲಿನಿಂದ: ‘ಅಮ್ಮ, ಹೋಳಿಗೆ ಮೂರು.’